ಬೂದಿ ಸಾಹೇಬರು ಕೊಟ್ಟ ಮಾತು

ಕಳೆದ ತಿಂಗಳು ನಮ್ಮ ಪಕ್ಕದ ಮನೆಯವರು ಅಂಗಳದಲ್ಲಿ ಹೂಗಿಡ ಹಾಕಲೆಂದು ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿದರು. ರಸ್ತೆಯ ಬದಿಗೆ ಸುರಿದು ಹೋದ ಆ ಮಣ್ಣು ಬಳ್ಳಾರಿಯ ಕೆಂಪು ಮಣ್ಣಾಗಿರಲಿಲ್ಲ, ಸಿರುಗುಪ್ಪದ ಕಡೆಯ ಕರಿಮಣ್ಣೂ ಆಗಿರಲಿಲ್ಲ. ಬೂದು ಬಣ್ಣ, ಹಿಟ್ಟಿನಷ್ಟು ಹಗುರ. ಗಾಳಿಗೆ ಹಾರಿ ನಮ್ಮ ಬಾಗಿಲೊಳಗೂ ಬರುತ್ತಿದೆಯೆಂದು ನಾನೇ ಹೋಗಿ ಅದರ ಮೇಲೆ ನೀರು ಚಿಮುಕಿಸಿದೆ. ಆಗ ಎದ್ದ ವಾಸನೆಗೆ ಕೊಡ ಹಿಡಿದುಕೊಂಡೇ ನಿಂತುಬಿಟ್ಟೆ. ಒದ್ದೆಯಾದ ಹಳೆಯ ಬೂದಿಯ ವಾಸನೆ. ಒಲೆಯ ಬೂದಿಯದಲ್ಲ, ಸಾವಿರಾರು ವರ್ಷಗಳ ಹಿಂದೆ ಯಾರೋ ರಾಶಿ ಹಾಕಿ ಸುಟ್ಟ ಸಗಣಿಯದು. ಈ ಓಣಿಯಲ್ಲಿ ಅದನ್ನು ಗುರುತು ಹಿಡಿಯುವವರು ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ನನಗೆ ಅದನ್ನು ಕಲಿಸಿದವರು ಬೂದಿ ಸಾಹೇಬರು.

ಆ ಹೆಸರು ಹಳ್ಳಿಯವರು ಇಟ್ಟದ್ದು. ಬಳ್ಳಾರಿಯಿಂದ ಮೋಕ, ಸಿರುಗುಪ್ಪ, ಕುರುಗೋಡು ಎಂದು ಎಲ್ಲಿ ಬೂದಿದಿಬ್ಬ ಇದೆಯೋ ಅಲ್ಲೆಲ್ಲ ಅವರ ಜೀಪು ನಿಂತಿರುತ್ತಿತ್ತು. ಹಳ್ಳಿಯವರಿಗೆ ಆ ದಿಬ್ಬಗಳು ರಾಕ್ಷಸರನ್ನು ಸುಟ್ಟ ಜಾಗ. ಸಾಹೇಬರಿಗೆ ಅವು ಕಲ್ಲಿನ ಕೊಡಲಿ ಹಿಡಿದು ದನ ಮೇಯಿಸಿಕೊಂಡಿದ್ದ ಜನರ ದೊಡ್ಡಿಗಳು. ಅವರು ಪುರಾತತ್ವ ಇಲಾಖೆಯವರು, ಮೈಸೂರಿನ ಕಡೆಯವರು. ನಾನು ಕಂಡಾಗ ನಲವತ್ತು ದಾಟಿದ್ದರು. ತೆಳ್ಳನೆಯ ಮೈ, ಮೊಳಕಾಲಿನ ಹತ್ತಿರ ಬಣ್ಣ ಹೋದ ಖಾಕಿ ಪ್ಯಾಂಟು, ಬೂದಿಯ ಧೂಳು ಕುಡಿದೂ ಕುಡಿದೂ ಹತ್ತಿದ ಒಣಕೆಮ್ಮು. ಮಾತಾಡುವ ಮೊದಲು ಒಮ್ಮೆ ಕೆಮ್ಮುವುದು ಅವರ ರೂಢಿಯೇ ಆಗಿತ್ತು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಮಡಕೆ ಚೂರುಗಳ ಚಿತ್ರ ಬರೆಯಲು ಒಬ್ಬರು ಬೇಕೆಂದು ಸಾಹೇಬರು ನಮ್ಮ ಡ್ರಾಯಿಂಗ್ ಮಾಸ್ತರರನ್ನು ಕೇಳಿದಾಗ ಅವರು ನನ್ನ ಹೆಸರು ಹೇಳಿದರಂತೆ. ನಮ್ಮಪ್ಪನದು ಬಳ್ಳಾರಿಯ ಬಜಾರಿನಲ್ಲಿ ಸಣ್ಣ ಅರಿವೆ ಅಂಗಡಿ. ಲಗ್ನದ ವಯಸ್ಸಿನ ಹುಡುಗಿಯನ್ನು ಜೀಪಿನಲ್ಲಿ ಗುಡ್ಡ ಸುತ್ತಲು ಕಳಿಸುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಸಾಹೇಬರು ಅಂಗಡಿಗೆ ಬಂದು ಗಾದಿಯ ತುದಿಯಲ್ಲಿ ಕೂತು, ತಮಗೂ ಒಬ್ಬ ಮಗಳಿದ್ದಾಳೆಂದೂ, ಕತ್ತಲಾಗುವ ಮುಂಚೆ ನನ್ನನ್ನು ಮನೆಗೆ ತಲುಪಿಸುವುದು ತಮ್ಮ ಜವಾಬ್ದಾರಿಯೆಂದೂ ಹೇಳಿದರು. ಅಪ್ಪ ಬಹಳ ಹೊತ್ತು ಬಟ್ಟೆ ಮಡಚುತ್ತ ಇದ್ದು ಕೊನೆಗೆ ಹೂಂ ಅಂದರು. ಒಂದೂವರೆ ವರ್ಷ ಸಾಹೇಬರು ಆ ಮಾತು ತಪ್ಪಲಿಲ್ಲ. ದಾರಿಯಲ್ಲಿ ಜೀಪು ಕೆಟ್ಟ ಒಂದು ದಿನ ಯಾವುದೋ ಅಕ್ಕಿ ಗಿರಣಿಯ ಲಾರಿ ನಿಲ್ಲಿಸಿ ನನ್ನನ್ನು ಕೂರಿಸಿ, ತಾವೂ ಹಿಂದೆ ಮೂಟೆಗಳ ಮೇಲೆ ಕೂತು ಬಂದಿದ್ದರು.

ಮೊದಲ ದಿನ ಅವರು ನನ್ನ ಕೈಗೆ ಕೊಟ್ಟದ್ದು ಅಂಗೈ ಅಗಲದ ಒಂದು ಮಡಕೆ ಚೂರು. ನಾನು ಅದರ ಮುರಿದ ಅಂಚನ್ನು ಸ್ವಲ್ಪ ನಯ ಮಾಡಿ, ನೆರಳು ಕೊಟ್ಟು, ನೋಡಲು ಒಪ್ಪವಾಗಿ ಬರೆದು ತೋರಿಸಿದೆ. ಅವರು ಚಿತ್ರ ನೋಡಿ, ಚೂರು ನೋಡಿ, "ಚೆಂದ ಮಾಡಬೇಡಿ. ಇದ್ದ ಹಾಗೆ ಬರೀರಿ" ಎಂದರು. ಇನ್ನೊಂದು ಹಾಳೆ ಕೊಟ್ಟರು. ಅವತ್ತು ಅದೇ ಚೂರನ್ನು ಏಳೆಂಟು ಸಲ ಬರೆದೆ. ಮುಂದೆ ಇಪ್ಪತ್ತೈದು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದ್ದೇನೆ. ಅದಕ್ಕಿಂತ ಹೆಚ್ಚಿನದನ್ನು ಯಾರಿಗೂ ಕಲಿಸಿಲ್ಲ.

ಅವರ ಕೆಲಸ ಎಂದರೆ ಓಡಿಹೋಗುವ ನೀರನ್ನು ಬೊಗಸೆಯಲ್ಲಿ ಹಿಡಿದ ಹಾಗೆ. ಬೂದಿ ಒಳ್ಳೆಯ ಗೊಬ್ಬರ. ರೈತರು ತಲೆಮಾರುಗಳಿಂದ ದಿಬ್ಬ ಅಗೆದು ಬಂಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ಅದು ಇನ್ನೂ ಜೋರಾಯಿತು. ಸಾಹೇಬರು ಒಂದು ದಿಬ್ಬ ಅಳೆದು ಬರೆಯುವಷ್ಟರಲ್ಲಿ ಇನ್ನೊಂದು ನೆಲಸಮವಾಗಿರುತ್ತಿತ್ತು. ಒಮ್ಮೆ ಬಾದನಹಟ್ಟಿಯ ಹತ್ತಿರ ಬಂಡಿ ತುಂಬುತ್ತಿದ್ದ ರೈತನೊಬ್ಬನಿಗೆ ಅವರು ಅರ್ಧ ತಾಸು ತಿಳಿಸಿ ಹೇಳಿದರು. ಆತ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, "ನೀವು ಹೇಳೂದು ಖರೆ ಐತ್ರಿ ಸಾಹೇಬ್ರ. ಆದ್ರ ಸತ್ತವರ ಬೂದಿಗಿಂತ ಇದ್ದವರ ಜ್ವಾಳ ಮುಖ್ಯ ಅಲ್ಲೇನ್ರಿ?" ಎಂದ. ಸಾಹೇಬರು ಅವನ ಬಂಡಿಯಲ್ಲಿದ್ದ ಬೂದಿಯೊಳಗಿಂದ ನಾಲ್ಕು ಮಡಕೆ ಚೂರು ಆರಿಸಿಕೊಂಡು ಬಂದರು. ಕೆಲವರು ಅವರನ್ನು ನಿಧಿ ಹುಡುಕುವವರೆಂದು ತಿಳಿದಿದ್ದರು. ಸಾಹೇಬರು ಇಲಾಖೆಗೆ ಪತ್ರದ ಮೇಲೆ ಪತ್ರ ಬರೆಯುತ್ತಿದ್ದರು: ಈ ದಿಬ್ಬ ಉಳಿಸಿ, ಆ ಗುಡ್ಡಕ್ಕೆ ಒಬ್ಬ ಕಾವಲುಗಾರನನ್ನು ಕೊಡಿ. ಉತ್ತರ ಬರುತ್ತಿದ್ದುದು ಕಡಿಮೆ. ಜೊತೆಯವರೆಲ್ಲ ದೊಡ್ಡ ದೊಡ್ಡ ದೇವಸ್ಥಾನಗಳ ಕೆಲಸ ಹಿಡಿದು ಮೇಲೆ ಹೋದರೆ ಇವರು ಮಾತ್ರ ಬೂದಿಯಲ್ಲೇ ಉಳಿದರು. ಹೆಂಡತಿ, ಮಗಳು ಮೈಸೂರಿನಲ್ಲಿ. ಬಳ್ಳಾರಿಯಲ್ಲಿ ಇವರದೊಂದು ಬಾಡಿಗೆ ಕೋಣೆ.

ಕೊನೆಗೂ ಒಂದು ಚಳಿಗಾಲ ಅವರಿಗೆ ಅಗೆತಕ್ಕೆ ಒಪ್ಪಿಗೆ ಸಿಕ್ಕಿತು. ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಗುಡ್ಡ. ಅದರ ಬುಡದಲ್ಲಿ ಬೂದಿದಿಬ್ಬ, ಪಕ್ಕದಲ್ಲಿ ಹಳೆಯ ಜನರ ಗುಡಿಸಲುಗಳಿದ್ದ ಜಾಗ. ಸಂಕ್ರಾಂತಿ ಕಳೆದ ಮೇಲೆ ಡೇರೆ ಹಾಕಿದರು. ಕೆಲಸಕ್ಕೆ ಬಂದವರು ಹತ್ತಿರದ ಹಳ್ಳಿಯ ಗಂಡಸರು, ಕೇರಿಯ ಹೆಣ್ಣುಮಕ್ಕಳು. ಗಂಡಸರು ಅಗೆಯುವುದು, ಹೆಂಗಸರು ಮಣ್ಣು ಜರಡಿ ಹಿಡಿಯುವುದು. ಅವರೊಳಗೆ ಹಿರಿಯಳು ಹುಲಿಗೆಮ್ಮ, ಐವತ್ತರ ಆಸುಪಾಸಿನ ಹೆಂಗಸು. ಅವಳ ಕಣ್ಣು ಎಷ್ಟು ಚುರುಕೆಂದರೆ ಎಳ್ಳಿನಷ್ಟು ಸಣ್ಣ ಮಣಿಯೂ ಅವಳ ಜರಡಿ ದಾಟಿ ಹೋಗುತ್ತಿರಲಿಲ್ಲ. ಸಾಹೇಬರು ಅವಳನ್ನು "ಹುಲಿಗೆಮ್ಮನವರೇ, ಬನ್ನಿ" ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ಊರಿನ ಗೌಡರ ಪೈಕಿಯವರು ಅದಕ್ಕೆ ಮುಸಿಮುಸಿ ನಗುತ್ತಿದ್ದರು. ಹುಲಿಗೆಮ್ಮನಿಗೂ ಮೊದಮೊದಲು ಅದು ತನ್ನನ್ನೇ ಕರೆದದ್ದೆಂದು ಗೊತ್ತಾಗುತ್ತಿರಲಿಲ್ಲ.

ನಾನೇನು ಬೇರೆಯಾಗಿರಲಿಲ್ಲ. ಮೊದಲ ವಾರ ಒಂದು ಮಧ್ಯಾಹ್ನ ನಾನು ತಂದ ನೀರು ಮುಗಿದಿತ್ತು. ಹುಲಿಗೆಮ್ಮ ತನ್ನ ತಂಬಿಗೆ ಮುಂದೆ ಹಿಡಿದಳು. ನನಗೆ ಬಾಯಾರಿಕೆ ಇಲ್ಲ ಎಂದೆ. ಅವಳು ತಂಬಿಗೆ ಹಿಂದೆ ತೆಗೆದುಕೊಂಡಳು. ಸಾಹೇಬರು ಬಂದು ಅದನ್ನೇ ಕೇಳಿ ಇಸಿದುಕೊಂಡು ಕುಡಿದರು. ನನ್ನ ಕಡೆ ನೋಡಲಿಲ್ಲ, ಬುದ್ಧಿ ಹೇಳಲಿಲ್ಲ. ಮರುದಿನ ನಾನೇ ಕೇಳಿ ಕುಡಿದೆ... ಇಷ್ಟು ವರ್ಷವಾದ ಮೇಲೂ ಆ ಮೊದಲನೆಯ ದಿನವೇ ನೆನಪಾಗುತ್ತದೆ, ಎರಡನೆಯದಲ್ಲ.

ಕೆಲಸ ಶುರುವಾಗಿ ತಿಂಗಳಾಗಿರಬೇಕು. ಒಂದು ಗುಡಿಸಲಿನ ನೆಲ ಸಿಕ್ಕಿತು. ಸುಣ್ಣ ಬಳಿದು ಗಟ್ಟಿ ಮಾಡಿದ ನೆಲ. ಅದರ ಕೆಳಗೆ ಕುಂಚದಿಂದ ಮಣ್ಣು ಸರಿಸುತ್ತಿದ್ದ ಸಾಹೇಬರ ಕೈ ಒಮ್ಮೆಲೇ ನಿಂತಿತು. ಒಂದು ಮಡಕೆಯ ದುಂಡನೆಯ ಬೆನ್ನು ಕಾಣಿಸಿತ್ತು. ಸ್ವಲ್ಪವೂ ಬಿರುಕಿಲ್ಲ, ಬಾಯಿಗೆ ಒಂದು ಬೋಗುಣಿ ಕವುಚಿ ಮುಚ್ಚಿದ್ದರು. ಎಲ್ಲರೂ ಸುತ್ತ ಸೇರಿದರು. ಗಂಡಸರ ಮುಖದಲ್ಲಿ ನಿಧಿಯ ಆಸೆ ಕಾಣುತ್ತಿತ್ತು. ಹುಲಿಗೆಮ್ಮ ಜರಡಿ ಕೆಳಗಿಟ್ಟು ಬಂದು ಗುಂಡಿಯ ಅಂಚಿನಲ್ಲಿ ಕೂತಳು.

"ಮುಚ್ಚಳ ತೆಗೀಬ್ಯಾಡ್ರಿ ಸಾಮಿ. ಅದರಾಗ ಕೂಸು ಐತಿ" ಎಂದಳು.

ನಿಮಗೆ ಹೇಗೆ ಗೊತ್ತು ಎಂದು ಸಾಹೇಬರು ಕೇಳಿದರು.

"ನಾನೂ ಇಟ್ಟೀನಲ್ರಿ. ಮೂರು ಇಟ್ಟೀನಿ, ಆ ಬೇಲಿ ಆಚಿ. ನಮ್ಮವ್ವನೂ ಹಂಗಾ ಇಟ್ಟಿದ್ಲು. ಹಲ್ಲು ಬರದ ಕೂಸನ್ನ ಸುಡಂಗಿಲ್ಲ, ಬರೇ ಮಣ್ಣಾಗ ಹಾಕಂಗಿಲ್ಲ. ಗಡಿಗ್ಯಾಗ ಇಡ್ತೀವಿ. ಹೊಟ್ಟ್ಯಾಗ ಹೆಂಗಿತ್ತೋ ಹಂಗಾ ಇರ್ಲಿ ಅಂತ."

ಸಾಹೇಬರು ಕುಂಚ ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ಅವತ್ತು ಎರಡು ಭಾವ ಕಂಡೆ, ಎರಡೂ ಸುಳ್ಳಲ್ಲ. ಒಂದು, ಆ ತಾಯಿಯ ಮಾತಿಗೆ ಬಂದ ಸಂಕಟ. ಇನ್ನೊಂದು, ಸಂತೋಷ. ಸಾವಿರಾರು ವರ್ಷ ಹಳೆಯ ರೂಢಿ ಅದೇ ಗುಡ್ಡದ ಬುಡದಲ್ಲಿ ಇನ್ನೂ ಜೀವಂತ ಇದೆಯೆಂದರೆ ಅವರ ಇಡೀ ಬದುಕಿನ ಕೆಲಸಕ್ಕೆ ಸಿಕ್ಕ ಫಲ ಅದು. ಅವರು ಹುಲಿಗೆಮ್ಮನಿಗೆ ಹೇಳಿದರು: ಮುಚ್ಚಳ ತೆಗೆಯಲೇಬೇಕು, ಅಳತೆ ತೆಗೆದುಕೊಳ್ಳಬೇಕು, ಈ ಹುಡುಗಿ ಚಿತ್ರ ಬರೆದುಕೊಳ್ಳಬೇಕು. ಅಷ್ಟಾದ ಮೇಲೆ ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಇಟ್ಟು ಮಣ್ಣು ಮುಚ್ಚುತ್ತೇವೆ.

"ಮಾತು ಕೊಡ್ತೀರೇನು?" ಎಂದಳು ಹುಲಿಗೆಮ್ಮ.

"ಕೊಡ್ತೀನಿ. ಸೋಮವಾರ ಇಡೋಣ. ನೀವೇ ಬಂದು ಇಡಿ."

ಮುಚ್ಚಳ ತೆಗೆದರು. ಮೊಳಕಾಲು ಮಡಚಿ, ತಲೆ ಬಗ್ಗಿಸಿ ಮಲಗಿಸಿದ ಕೂಸು. ಮೂಳೆಗಳು ಹಕ್ಕಿಯ ಮೂಳೆಯಂತೆ ಸಣ್ಣಗಿದ್ದವು. ನಾನು ಎರಡು ದಿನ ಗುಂಡಿಯೊಳಗೆ ಮಂಡಿಯೂರಿ ಕೂತು ಬರೆದೆ. ಮಡಕೆಯ ಕಂಠದ ಕೆಳಗೆ, ಹಸಿ ಮಣ್ಣಿನಲ್ಲೇ ಯಾರೋ ಒತ್ತಿದ ಒಂದು ಹೆಬ್ಬೆರಳಿನ ಗುರುತು ಇತ್ತು. ನನ್ನ ಬೆರಳು ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಹೆಂಗಸಿನ ಕೈ ಇರಬೇಕು. ಅದನ್ನೂ ಬರೆದೆ.

ಶನಿವಾರ ಸಾಹೇಬರ ಮೇಲಧಿಕಾರಿ ಕಾರಿನಲ್ಲಿ ಬಂದರು. ಆ ಭಾಗದ ಪ್ರವಾಸದಲ್ಲಿದ್ದರಂತೆ, ಸುದ್ದಿ ಕೇಳಿ ದಾರಿ ಬದಲಿಸಿ ಬಂದಿದ್ದರು. ಗುಂಡಿಯ ಮುಂದೆ ನಿಂತು, ಇಡೀ ದಕ್ಷಿಣದಲ್ಲಿ ಇಷ್ಟು ಸುಸ್ಥಿತಿಯಲ್ಲಿ ಸಿಕ್ಕದ್ದು ಇಲ್ಲ, ಇವತ್ತೇ ಪ್ಯಾಕ್ ಮಾಡಿ ಎಂದರು. ಮೂಳೆಗಳು ಪರೀಕ್ಷೆಗೆ, ಮಡಕೆ ಸಂಗ್ರಹಾಲಯಕ್ಕೆ. ಸಾಹೇಬರು ಅವರನ್ನು ಡೇರೆಯ ಹಿಂದೆ ಕರೆದುಕೊಂಡು ಹೋದರು. ಹೊರಗೆ ನನಗೆ ಕೇಳಿಸಿದ್ದು ಕೆಮ್ಮು, ಅಲ್ಲೊಂದು ಇಲ್ಲೊಂದು ಮಾತು. ಕೂಲಿ ಹೆಂಗಸಿಗೆ ಕೊಟ್ಟ ಮಾತಿಗೆ ಸರ್ಕಾರದ ಆಸ್ತಿ ಮಣ್ಣು ಮಾಡಲು ಆಗುತ್ತದೆಯೇ ಎಂದು ಆ ಅಧಿಕಾರಿ ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಸಾಹೇಬರು ವಾಪಸು ಬಂದಾಗ ಕಾಗದಕ್ಕೆ ಸಹಿ ಹಾಕಿಯಾಗಿತ್ತು.

ಪೆಟ್ಟಿಗೆಗೆ ಹುಲ್ಲು ಹಾಸಿದವಳು ನಾನು. ಮಡಕೆಯ ತಳಕ್ಕೆ ಕಪ್ಪು ಶಾಯಿಯಲ್ಲಿ ನಂಬರು ಬರೆದವಳೂ ನಾನೇ. ಆಗ ನನಗೆ ಇಪ್ಪತ್ತೊಂದು, ಹೇಳಿದ್ದು ಮಾಡಿದೆ ಎನ್ನಬಹುದು. ಆದರೆ ನಂಬರು ಎಷ್ಟು ಒಪ್ಪವಾಗಿ ಬಂತೆಂದು ಒಳಗೊಳಗೇ ಖುಷಿಪಟ್ಟದ್ದೂ ನೆನಪಿದೆ.

ಸೋಮವಾರ ಬೆಳಿಗ್ಗೆ ಹುಲಿಗೆಮ್ಮ ಕೆಲಸದ ಸೀರೆ ಬಿಟ್ಟು ಒಗೆದ ಸೀರೆ ಉಟ್ಟು ಬಂದಳು. ಜೊತೆಗೆ ಅವಳ ಮಗಳು ಗಂಗಮ್ಮ. ಹುಲಿಗೆಮ್ಮನ ಕೈಯಲ್ಲಿ ಒಂದು ಬಟ್ಟಲು ಹಾಲು, ಅದರ ಮೇಲೆ ಮುತ್ತುಗದ ಎಲೆ ಮುಚ್ಚಿತ್ತು. ಹೆಗಲ ಮೇಲೆ ಅಂಗೈ ಅಗಲದ ಹೊಸ ಬಟ್ಟೆ. ಗುಂಡಿಯ ಹತ್ತಿರ ಬಂದು ಒಳಗೆ ನೋಡಿದಳು. ಮಡಕೆ ಕೂತಿದ್ದ ಜಾಗದಲ್ಲಿ ದುಂಡನೆಯ ಕುಳಿ ಮಾತ್ರ ಇತ್ತು.

ಸಾಹೇಬರು ಮುಂದೆ ಬಂದು ಏನೋ ಹೇಳಲು ಹೋದರು. ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಅವಳು ಕಾದಳು.

"ಎಲ್ಲಿಗೆ ಒಯ್ದ್ರಿ?"

ಮೇಲಿನವರು ತೆಗೆದುಕೊಂಡು ಹೋದರೆಂದು, ತಮಗೆ ತಡೆಯಲು ಆಗಲಿಲ್ಲವೆಂದು ಅವರು ಹೇಳಿದರು. ತಡೆಯಲಿಲ್ಲ ಎಂದು ಹೇಳಿದ್ದರೆ ಸರಿಯಿತ್ತು ಎಂದು ಅವರೇ ಬಹಳ ವರ್ಷಗಳ ಮೇಲೆ ನನಗೆ ಹೇಳಿದ್ದಾರೆ. ಹುಲಿಗೆಮ್ಮ ಗುಂಡಿಗೆ ಇಳಿದು ಆ ಖಾಲಿ ಕುಳಿಗೆ ಹಾಲು ಎರೆದಳು. ಬೂದಿ ಮಣ್ಣು ಅದನ್ನು ಗಳಿಗೆಯಲ್ಲಿ ಕುಡಿದುಬಿಟ್ಟಿತು. ಬಟ್ಟೆಯನ್ನು ಹಾಸಿ, ಎರಡೂ ಕೈಯಿಂದ ಮಣ್ಣು ಎಳೆದು ಮುಚ್ಚಿದಳು. ಮೇಲೆ ಬಂದು ತನ್ನ ಜರಡಿಯನ್ನು ಸಾಹೇಬರ ಕಾಲ ಹತ್ತಿರ ಇಟ್ಟು, ಮಗಳ ಜೊತೆ ಹೊಲದ ದಾರಿ ಹಿಡಿದು ಹೋದಳು. ಮರುದಿನದಿಂದ ಕೇರಿಯ ಹೆಣ್ಣುಮಕ್ಕಳು ಒಬ್ಬರೂ ಕೆಲಸಕ್ಕೆ ಬರಲಿಲ್ಲ. ಅಗೆತ ಹೇಗೋ ಮುಗಿಯಿತು.

ಅದೇ ಕೂಸು ಸಾಹೇಬರಿಗೆ ಹೆಸರು ತಂದಿತು. ವರದಿ ಅಚ್ಚಾಯಿತು, ಅದರಲ್ಲಿ ನಾನು ಬರೆದ ಚಿತ್ರವೂ ಬಂತು. ಅವರಿಗೆ ಬಡ್ತಿಯಾಗಿ ವರ್ಗವಾಯಿತು. ನನಗೆ ಲಗ್ನವಾಯಿತು, ಗಂಡ ಸಿರುಗುಪ್ಪದಲ್ಲಿ ಹೈಸ್ಕೂಲು ಮಾಸ್ತರು, ನನಗೂ ಅಲ್ಲೇ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿತು. ವರ್ಷಕ್ಕೊಂದೆರಡು ಪೋಸ್ಟ್ ಕಾರ್ಡು ಬರುತ್ತಿದ್ದವು. ಸಣ್ಣ ಅಕ್ಷರ, ದಣಿದ ಸಾಲುಗಳು. ಬೇರೆ ಬೇರೆ ಊರುಗಳ ಮುದ್ರೆ. ಕೊನೆಯಲ್ಲಿ ಯಾವಾಗಲೂ ಒಂದು ಪ್ರಶ್ನೆ ಇರುತ್ತಿತ್ತು: ಆ ಕಡೆ ಹೋಗಿದ್ದಿರಾ? ಆ ತಾಯಿ ಹೇಗಿದ್ದಾರೆ? ನಾನು ಹೋಗಿರುತ್ತಿರಲಿಲ್ಲ. ಚೆನ್ನಾಗಿದ್ದಾರಂತೆ ಎಂದು ಬರೆದುಬಿಡುತ್ತಿದ್ದೆ.

ಎಂಬತ್ತರ ದಶಕದ ನಡುವೆ ಒಂದು ದಿನ ಅವರು ನೇರವಾಗಿ ನಮ್ಮ ಶಾಲೆಗೇ ಬಂದರು. ನಿವೃತ್ತರಾಗಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಉಸಿರು ಸುಧಾರಿಸಿಕೊಂಡರು. ಆಮೇಲೆ ಚೀಲದಿಂದ ಒಂದು ವಿಮಾನ ಅಂಚೆಯ ಪತ್ರ ತೆಗೆದರು. ಅವರ ಜೊತೆ ಓದಿದವರೊಬ್ಬರು ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಮೂಲನಿವಾಸಿಗಳ ಹಳೆಯ ನೆಲೆಗಳನ್ನು ಅಭ್ಯಾಸ ಮಾಡುತ್ತಿದ್ದರಂತೆ. ಆ ಜನರ ಹಿರಿಯರು ಬಂದು, ನಮ್ಮವರ ಮೂಳೆಗಳು ನಿಮ್ಮ ಕಪಾಟಿನಲ್ಲಿವೆ, ನಮಗೆ ಕೊಡಿ, ನಾವು ಮಣ್ಣು ಮಾಡಬೇಕು ಎಂದು ಕೇಳಿದರಂತೆ. ಸ್ನೇಹಿತರು ಮೊದಲು ವಾದಿಸಿ, ಕೊನೆಗೆ ತಮ್ಮ ಹತ್ತಿರ ಇದ್ದದ್ದನ್ನು ಕೊಟ್ಟರಂತೆ. ಕೊಟ್ಟ ಮೇಲೆ ಕೆಲಸ ನಿಂತಿತು, ಎದೆ ಹಗುರಾಯಿತು ಎಂದು ಬರೆದಿದ್ದರು.

"ಅವನನ್ನ ಕೇಳಿದವರು ಊರಿಗೆ ಊರೇ ಇದ್ದರು" ಎಂದರು ಸಾಹೇಬರು. "ನನ್ನನ್ನ ಕೇಳಿದ್ದು ಒಬ್ಬಳೇ ತಾಯಿ. ಒಬ್ಬಳು ಕೇಳಿದರೆ ಸಾಲದು ಅಂತ ಅವತ್ತು ನನಗೆ ಅನ್ನಿಸಿತ್ತೋ ಏನೋ."

ನಾಲ್ಕು ವರ್ಷದಿಂದ ಅವರು ಕೂಸನ್ನು ವಾಪಸು ತರಲು ಇಲಾಖೆಗೆ ಬರೆಯುತ್ತಿದ್ದರಂತೆ. ಸಂಗ್ರಹಾಲಯದಲ್ಲಿ ಮಡಕೆ ಪ್ರದರ್ಶನಕ್ಕೇ ಬಂದಿರಲಿಲ್ಲ. ಪೆಟ್ಟಿಗೆ ಉಗ್ರಾಣಕ್ಕೆ ಹೋಗಿ, ಗೆದ್ದಲು ಹಿಡಿದು, ಚೀಟಿಗಳು ಹಾಳಾಗಿ, ಯಾವುದು ಎಲ್ಲಿಯದೆಂದು ತಿಳಿಯದ ಸ್ಥಿತಿ ಇತ್ತು. "ನೀವು ಅದನ್ನ ಬರೆದವರು. ನೋಡಿದರೆ ಗುರುತು ಸಿಗಬಹುದು. ಬರ್ತೀರೇನಮ್ಮ?" ಎಂದರು. ಬೇಸಿಗೆ ರಜೆ ಶುರುವಾಗುವುದರಲ್ಲಿತ್ತು. ನನ್ನ ಗಂಡ, ಹೋಗಿ ಬಾ, ಅವರ ಮುಖ ನೋಡಿದರೆ ಬೇಡ ಅನ್ನಲಾಗುವುದಿಲ್ಲ ಎಂದರು.

ಬಳ್ಳಾರಿಯಿಂದ ಪ್ಯಾಸೆಂಜರ್ ರೈಲು ಹಿಡಿದು ಹೋದೆವು. ಆ ಉಗ್ರಾಣ ಹಳೆಯ ಕಟ್ಟಡದ ಉದ್ದನೆಯ ಕೋಣೆ, ಬಾವಲಿ ವಾಸನೆ. ನೂರಾರು ಮಡಕೆಗಳು ಒಂದರ ಪಕ್ಕ ಒಂದು. ಮೊದಲ ದಿನ ಸಿಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಕೆಳಗಿನ ಸಾಲಿನ ಮೂಲೆಯಲ್ಲಿ ಒಂದರ ಕಂಠ ತಡವಿದಾಗ ನನ್ನ ಹೆಬ್ಬೆರಳು ತಾನಾಗಿ ಒಂದು ತಗ್ಗಿನಲ್ಲಿ ಕೂತಿತು. ತಿರುಗಿಸಿ ನೋಡಿದರೆ ತಳದಲ್ಲಿ ನನ್ನದೇ ಕೈಬರಹದ ನಂಬರು, ಅರ್ಧ ಅಳಿಸಿತ್ತು. ಸರ್ ಎಂದು ಕರೆದೆ. ಅವರು ಬಂದು ಪಕ್ಕದಲ್ಲಿ ನೆಲಕ್ಕೇ ಕೂತರು. ಮಡಕೆಯೊಳಗೆ ತುಕ್ಕು ಹಿಡಿದ ಮೊಳೆಗಳು, ಅರಗಿನ ಚೂರು, ದಾರದ ಉಂಡೆ ಇದ್ದವು. ಉಗ್ರಾಣದವರು ಯಾರೋ ಸಾಮಾನು ಹಾಕಿಡಲು ಬಳಸಿಕೊಂಡಿದ್ದರು. ಮೂಳೆಗಳಿರಲಿಲ್ಲ. ದಫ್ತರು ತೆಗೆಸಿ ನೋಡಿದೆವು. ಪರೀಕ್ಷೆಗೆ ಕಳಿಸಿದ್ದಕ್ಕೆ ಬರಹ ಇತ್ತು. ವಾಪಸು ಬಂದದ್ದಕ್ಕೆ ಇರಲಿಲ್ಲ. ಸಾಹೇಬರು ಆ ಪ್ರಯೋಗಾಲಯಕ್ಕೂ ಬರೆದಿದ್ದರಂತೆ. ಅಂಥದ್ದು ನಮ್ಮಲ್ಲಿ ಇಲ್ಲ ಎಂದು ಉತ್ತರ ಬಂದಿತ್ತು. ಉಗ್ರಾಣದಲ್ಲೇ ಇರಬಹುದೆಂಬುದು ಅವರ ಕೊನೆಯ ಆಸೆಯಾಗಿತ್ತು.

ಬೀಗದ ಕೈ ಇಟ್ಟುಕೊಂಡಿದ್ದ ನೌಕರ ಚಹಾ ಕುಡಿಯಲು ಹೊರಗೆ ಹೋಗಿದ್ದ. ಮಡಕೆಯನ್ನಾದರೂ ತೆಗೆದುಕೊಂಡು ಹೋಗೋಣ, ಯಾರು ಕೇಳುತ್ತಾರೆ ಎಂದೆ. ನಾನು ಅಂಥ ಮಾತು ಆಡಿದ್ದು ಬದುಕಿನಲ್ಲಿ ಅದೊಂದೇ ಸಲ.

ಸಾಹೇಬರು ಮೊಳೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟರು. ತಮ್ಮ ಕರವಸ್ತ್ರದಿಂದ ಮಡಕೆಯ ಒಳಗೆ ಒರೆಸಿದರು. "ಖಾಲಿ ಮಡಕೆ ತಗೊಂಡು ಹೋಗಿ ಆ ತಾಯಿ ಮುಂದೆ ಇಟ್ಟು ಏನು ಹೇಳಲಿ?" ಎಂದರು. ಮತ್ತೆ ಅದೇ ಜಾಗದಲ್ಲಿ ಇಟ್ಟು ಎದ್ದರು. ಏಳಲು ನನ್ನ ಕೈ ಬೇಕಾಯಿತು.

ಹುಲಿಗೆಮ್ಮನಿಗೆ ಹೇಳದೆ ಊರಿಗೆ ಹೋಗುವುದಿಲ್ಲ ಎಂದು ಅವರು ಹಠ ಹಿಡಿದರು. ಬಳ್ಳಾರಿಯಿಂದ ಬಸ್ಸಿನಲ್ಲಿ ಕುರುಗೋಡಿಗೆ ಬಂದು, ಅಲ್ಲಿಂದ ಒಂದು ಮೆಟಡೋರ್ ಹಿಡಿದು ಹೋದೆವು. ಕೇರಿಯಲ್ಲಿ ಮನೆ ತೋರಿಸಿದವಳು ಗಂಗಮ್ಮನೇ. ಗುರುತು ಹಿಡಿದಳು, ಆದರೆ ಬರ್ರಿ ಅನ್ನಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಹುಲಿಗೆಮ್ಮ ಒಳಗೆ ಚಾಪೆಯ ಮೇಲಿದ್ದಳು. ಎಳ್ಳಿನಷ್ಟು ಮಣಿ ಹಿಡಿಯುತ್ತಿದ್ದ ಆ ಕಣ್ಣುಗಳಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಸಾಹೇಬರ ಕೆಮ್ಮು ಕೇಳಿದ್ದೇ ಎದ್ದು ಕೂತಳು. ಹದಿನೈದು ವರ್ಷಗಳ ಮೇಲಾಗಿತ್ತು.

"ಬೂದಿ ಸಾಹೇಬ್ರು" ಎಂದಳು.

ಸಾಹೇಬರು ಅವಳ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಸಹಿ ಹಾಕಿದ್ದು ತಾವೇ ಎಂದೂ ಹೇಳಿದರು. ಬರೆದ ಪತ್ರಗಳು, ಉಗ್ರಾಣ, ಮೊಳೆಗಳು, ಯಾವುದನ್ನೂ ಬಿಡಲಿಲ್ಲ. ಇಷ್ಟು ವರ್ಷ ಈ ಸೀಮೆಯಲ್ಲಿ ಇದ್ದೂ ಅವರ ಬಾಯಲ್ಲಿ ಮೈಸೂರಿನ ಕನ್ನಡವೇ ಉಳಿದಿತ್ತು. ಅವತ್ತು ಮಾತ್ರ, ಕೊನೆಗೆ, "ಕೂಸು ಎಲ್ಲೈತಿ ಅಂತ ನನಗ ಗೊತ್ತಿಲ್ಲವ್ವ" ಎಂದರು.

ಹುಲಿಗೆಮ್ಮ ತಲೆ ಅಲ್ಲಾಡಿಸುತ್ತ ಕೇಳಿದಳು. ಆಮೇಲೆ ಅವಳು ಕೇಳಿದ ಪ್ರಶ್ನೆಯನ್ನು ನಾನು ಈಗಲೂ ಅದೇ ದನಿಯಲ್ಲಿ ಕೇಳಬಲ್ಲೆ.

"ಅದು ಗಂಡೋ, ಹೆಣ್ಣೋ? ಅಷ್ಟಾದ್ರೂ ತಿಳೀತೇನು?"

ಸಾಹೇಬರು ನನ್ನ ಕಡೆ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಅಷ್ಟು ಸಣ್ಣ ಕೂಸಿನ ಮೂಳೆಯಲ್ಲಿ ಅದು ತಿಳಿಯುವುದಿಲ್ಲ. ಅವರ ವರದಿಯಲ್ಲಿ ಹಲ್ಲಿನ ಮೊಳಕೆಯ ಅಳತೆ ಇತ್ತು, ತಲೆಬುರುಡೆಯ ದಪ್ಪ ಇತ್ತು, ಮಣ್ಣಿನ ಬಣ್ಣ ಇತ್ತು. ಇದು ಇರಲಿಲ್ಲ.

"ತಿಳೀಲಿಲ್ಲ" ಎಂದರು.

"ಹಂಗಾರ ಏನು ಓದಿದ್ರಿ ಸಾಮಿ..." ಎಂದಳು ಹುಲಿಗೆಮ್ಮ. ಅದರಲ್ಲಿ ಚುಚ್ಚುಮಾತಿನ ದನಿ ಇರಲಿಲ್ಲ. ನಿಜವಾಗಿಯೂ ಅವಳಿಗೆ ಅದು ಅರ್ಥವಾಗಿರಲಿಲ್ಲ, ಅಷ್ಟೆ.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಇವರೂ ಕೇಳಲಿಲ್ಲ. ಗಂಗಮ್ಮ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಮೂವರೂ ಕೂತು ಉಂಡೆವು. ಹೊರಡುವಾಗ ಹುಲಿಗೆಮ್ಮ ಕೈ ಚಾಚಿ ಗಾಳಿಯಲ್ಲಿ ತಡಕಿ ಸಾಹೇಬರ ತೋಳು ಹಿಡಿದಳು. ಕೆಮ್ಮಿಗೆ ಆಡುಸೋಗೆ ಎಲೆಯ ರಸ ಜೇನಿನಲ್ಲಿ ಕುಡಿಯಿರಿ, ಬಿಡಬೇಡಿ ಎಂದು ಹೇಳಿದಳು.

ಬಸ್ಸಿನಲ್ಲಿ ಸಾಹೇಬರು ಕಿಟಕಿಗೆ ತಲೆ ಆನಿಸಿ ಕೂತಿದ್ದರು. ಆ ಗುಡ್ಡ ಬಂದಾಗ ತೋರಿಸೋಣವೆಂದು ನೋಡಿದೆ. ಅದರ ಅರ್ಧ ಭಾಗವನ್ನು ಕಲ್ಲಿಗಾಗಿ ಒಡೆದಿದ್ದರು, ಬಿಳಿಯ ಮೈ ಬಿಸಿಲಿಗೆ ಹೊಳೆಯುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯೋ ಏನೋ, ನಾನು ಎಬ್ಬಿಸಲಿಲ್ಲ.

ಎರಡು ವರ್ಷದ ಮೇಲೆ ಅವರ ಮಗಳಿಂದ ಕಾರ್ಡು ಬಂತು. ತಂದೆ ಹೋಗಿ ಹದಿನೈದು ದಿನವಾಯಿತು, ಅವರ ವಿಳಾಸದ ಪುಸ್ತಕದಲ್ಲಿ ನಿಮ್ಮ ಹೆಸರಿತ್ತು ಎಂದು ಬರೆದಿದ್ದಳು. ಅದನ್ನು ಹಿಡಿದುಕೊಂಡು ನಾನು ಒಬ್ಬಳೇ ಹುಲಿಗೆಮ್ಮನ ಹತ್ತಿರ ಹೋದೆ. ಇದ್ದಳು, ತುಂಬ ಇಳಿದುಹೋಗಿದ್ದಳು. ಸುದ್ದಿ ಹೇಳಿದೆ.

"ಎಲ್ಲಿ ಇಟ್ರಂತ?" ಎಂದು ಕೇಳಿದಳು.

ಅವರಲ್ಲಿ ಸುಡುತ್ತಾರೆ, ಬೂದಿಯನ್ನು ಕಾವೇರಿಯಲ್ಲಿ ಬಿಟ್ಟಿದ್ದಾರೆ ಎಂದೆ. "ಜಾಗ ಗೊತ್ತೈತಲ್ಲ. ಅಷ್ಟಾದ್ರ ಸಾಕವ್ವ" ಎಂದಳು. ಆ ಮಳೆಗಾಲ ದಾಟಲಿಲ್ಲ ಅವಳು.

ಈಗ ನನಗೆ ಎಪ್ಪತ್ತಾರು. ಗಂಡ ತೀರಿಕೊಂಡ ಮೇಲೆ ಬಳ್ಳಾರಿಗೇ ಬಂದು ತಮ್ಮನ ಮನೆಯ ಹತ್ತಿರ ಇದ್ದೇನೆ. ಮಡಕೆ ಆ ಉಗ್ರಾಣದ ಕೆಳಗಿನ ಸಾಲಿನಲ್ಲಿ, ಎಡಗಡೆಯ ಮೂಲೆಯಿಂದ ನಾಲ್ಕನೆಯದು; ಕಂಠದ ಕೆಳಗೆ ತಡವಿದರೆ ಹೆಬ್ಬೆರಳಿನ ಗುರುತು ಸಿಗುತ್ತದೆ. ಕಟ್ಟಡವನ್ನು ಕೆಡವಿಲ್ಲವಾದರೆ, ಯಾರೂ ಸರಿಸಿಲ್ಲವಾದರೆ... ಕೂಸಿನದು ಮಾತ್ರ ಗೊತ್ತಿಲ್ಲ. ಇಷ್ಟನ್ನು ಯಾರಾದರೂ ಕೇಳಿದರೆ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಇಷ್ಟು ವರ್ಷ ಯಾರೂ ಕೇಳಲಿಲ್ಲ.